ಹಡಗು ಮಾರ್ಕು ಹುರಿಹಿಟ್ಟು

ನನಗೊಂದು ಚಟವಿದೆ. ತಿನ್ನುವ ಪದಾರ್ಥ ಡಬ್ಬಿಯಲ್ಲಿ ಬರಲಿ, ಪೊಟ್ಟಣದಲ್ಲಿ ಬರಲಿ, ಅದರ ಮೇಲೆ ಬರೆದಿರುವುದನ್ನೆಲ್ಲ ಓದಿ ಮುಗಿಸದೆ ಬಾಯಿಗೆ ಹಾಕುವವನಲ್ಲ. ಮೊನ್ನೆ ಬೀರೂರು ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮೇಷ್ಟರೊಬ್ಬರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ದೊಡ್ಡ ಮನಸ್ಸಿನಿಂದ ನನ್ನ ಮುಂದೆ ಹಿಡಿದರು. ನಾನು ಬಿಸ್ಕತ್ತನ್ನು ಬಿಟ್ಟು ಪೊಟ್ಟಣವನ್ನೇ ಈಸಿಕೊಂಡೆ. ಕನ್ನಡಕ ಮೇಲೇರಿಸಿದೆ, ಕೆಳಗಿಳಿಸಿದೆ, ಬೆಳಕಿಗೆ ಹಿಡಿದೆ.

"ಏನ್ ಸ್ವಾಮಿ, ಬಿಸ್ಕತ್ತು ತಿಂತೀರೋ, ಕಾಗದ ತಿಂತೀರೋ?" ಅಂದರು ಮೇಷ್ಟರು.

"ಕೈ ಸೋಕದೆ ತಯಾರಾದದ್ದು ಅಂತ ಬರೆದಿದೆಯಲ್ಲ, ಇದನ್ನ ಬರೆಸಿದ ಪುಣ್ಯಾತ್ಮನಿಗೆ ಅಕ್ಕ ಇದ್ದಾಳಾ ಅಂತ?"

ಅವರು ನನ್ನನ್ನೊಂದು ಸಲ ನೋಡಿ, ತಮ್ಮ ಚೀಲವನ್ನೂ ಬಿಸ್ಕತ್ತನ್ನೂ ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದರು. ತಪ್ಪು ಅವರದಲ್ಲ. ಅರವತ್ತು ದಾಟಿದ, ಪೇಟ ಸುತ್ತಿದ, ನೋಡುವುದಕ್ಕೆ ಅನುಕೂಲಸ್ಥನಂತೆ ಕಾಣುವ ಮನುಷ್ಯ ರೈಲ್ವೆ ಬೆಂಚಿನ ಮೇಲೆ ಹೀಗೆ ಮಾತಾಡಿದರೆ ನಾನಾಗಿದ್ದರೂ ಸರಿಯುತ್ತಿದ್ದೆ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ಎದ್ದು ಆಚೆ ಸರಿದರೂ ನನಗೆ ಕಾಣುವುದಿಲ್ಲ.

ನಾನು ಓದಿದ್ದು ಚೌಳಹಿರಿಯೂರಿನ ಕೂಲಿಮಠದಲ್ಲಿ ಮೂರು ವರ್ಷ. ಮಿಕ್ಕಿದ್ದನ್ನೆಲ್ಲ ಕಲಿಸಿದ್ದು ಕಡೂರು ಸಂತೆ. ತಲೆಯ ಮೇಲೆ ತೆಂಗಿನಕಾಯಿ ಹೊತ್ತು ಹೋಗಿ ಮಾರುತ್ತಿದ್ದ ಕಾಲದಲ್ಲೇ ನನಗೊಂದು ಗುಟ್ಟು ತಿಳಿಯಿತು. ವ್ಯಾಪಾರಕ್ಕೆ ಇಳಿಯುವವರು ಬೇಕಾದರೆ ಗಂಟು ಹಾಕಿಕೊಳ್ಳಿ. ಗಿರಾಕಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವಾಗ ನೀವು ಅವನ ಮುಖ ನೋಡಬೇಡಿ, ಕಾಲು ನೋಡಿ. ಬಾಯಿ "ಬೇಡ" ಅನ್ನುತ್ತಿದ್ದರೂ ಹೆಬ್ಬೆರಳು ನಿಮ್ಮ ಗುಡ್ಡೆಯ ಕಡೆಗೇ ತಿರುಗಿದ್ದರೆ ಅವನು ಕೊಳ್ಳುತ್ತಾನೆ. ಇನ್ನೊಂದು: ಬೆಲೆಯನ್ನು ಮೊದಲು ನೀವು ಹೇಳಬೇಡಿ. ಮೊದಲು ಬಾಯಿ ಬಿಟ್ಟವನು ಅರ್ಧ ಸೋತ ಹಾಗೆ. ಈ ಎರಡು ವಿದ್ಯೆಗಳಿಂದಲೇ ನಾನು ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿ, ಅದರ ಹಿಂದೊಂದು ಮನೆ ಮಾಡಿಕೊಂಡೆ. ಇವೆರಡರಿಂದಲೇ ಹಾಳಾದೆ ಅಂತಲೂ ಹೇಳಬಹುದು. ಆದರೆ ಹಾಗೆ ಹೇಳಿದರೆ ವಿದ್ಯೆಯ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ. ಬೇಡ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಹೆಸರು ಕೆಂಚಮ್ಮ. ನಾನು ಅಂಬೆಗಾಲಿಡುವಾಗಲೇ ಅವ್ವ ಹೋದಳಂತೆ. ಅವ್ವನ ಮುಖ ನನಗೆ ನೆನಪಿಲ್ಲ, ಹಾಗಂತ ಕೊರಗಿದ್ದೂ ಇಲ್ಲ. ಅಕ್ಕನ ಸೊಂಟದ ಮೇಲಿಂದಲೇ ನಾನು ಲೋಕ ನೋಡಿದ್ದು. ಆ ಲೋಕದ ನಡುವೆ ಒಂದು ಒಲೆ, ಒಲೆಯ ಮೇಲೊಂದು ಮಣ್ಣಿನ ಬಾಣಲೆ, ಬಾಣಲೆಯಲ್ಲಿ ಕೆಂಪಗೆ ಕಾದ ಹೊಳೆಮರಳು. ಅಕ್ಕ ಬೊಗಸೆ ರಾಗಿ ತೆಗೆದು ಆ ಮರಳಿಗೆ ಎಸೆಯುತ್ತಿದ್ದಳು. ತುದಿಗೆ ಬಟ್ಟೆ ಸುತ್ತಿದ ಕೋಲಿನಿಂದ ಒಂದು ಸುತ್ತು, ಎರಡು ಸುತ್ತು. ಅಷ್ಟರಲ್ಲಿ ಬಾಣಲೆಯೊಳಗೆ ಚಿಟಚಿಟ ಶುರು. ಕರಿಗೆಂಪಗಿದ್ದ ಸಾಸಿವೆಯಷ್ಟು ಕಾಳು ಕಣ್ಣೆದುರಿಗೇ ಬೆಳ್ಳಗೆ ಬಿರಿಯುತ್ತಿತ್ತು. ಸದ್ದು ನಿಲ್ಲುವುದಕ್ಕೆ ಒಂದು ಉಸಿರು ಮುಂಚೆ ಅವಳು ಬಾಣಲೆ ಇಳಿಸಿ ಜರಡಿಗೆ ಸುರಿಯುತ್ತಿದ್ದಳು. ಒಂದು ಉಸಿರು ತಡವಾದರೆ ಕಹಿ, ಒಂದು ಉಸಿರು ಮುಂಚೆಯಾದರೆ ಹಸಿ. ಆ ಲೆಕ್ಕ ಇದ್ದದ್ದು ಅವಳ ಕಿವಿಯಲ್ಲಿ. ಮಾತಾಡುತ್ತಾ ಹುರಿಯುತ್ತಿದ್ದಳು, ನನ್ನನ್ನು ಬೈಯುತ್ತಾ ಹುರಿಯುತ್ತಿದ್ದಳು, ಕಿವಿ ಮಾತ್ರ ಬಾಣಲೆಯಲ್ಲೇ ಇರುತ್ತಿತ್ತು.

ಆಮೇಲೆ ಬೀಸುವ ಕಲ್ಲು. ಬೀಸಿದ ಹಿಟ್ಟಿಗೆ ಒಂದಿಷ್ಟು ಬೆಲ್ಲ, ಒಂದು ಸೌಟು ಮಜ್ಜಿಗೆ. ಕಲಸಿ ಉಂಡೆ ಮಾಡಿ ನನ್ನ ಅಂಗೈಗಿಟ್ಟು, "ಹೋಗೋ, ಮಠಕ್ಕೆ ಹೊತ್ತಾಯ್ತು" ಅನ್ನುತ್ತಿದ್ದಳು. ದಾರಿಯುದ್ದಕ್ಕೂ ಅದನ್ನು ನೆಕ್ಕುತ್ತಾ ಹೋಗುತ್ತಿದ್ದೆ. ಮಠದ ಅಯ್ಯನವರು ನನ್ನ ಮರಳಿನ ಹಲಗೆಗಿಂತ ಮೊದಲು ನನ್ನ ಕೈ ನೋಡಿ ಬಾರಿಸುತ್ತಿದ್ದರು.

ಇಲ್ಲೊಂದು ಮಾತು ಹೇಳಿಬಿಡಬೇಕು, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಒಣ ರಾಗಿಯನ್ನು ಹಾಗೇ ಮರಳಿಗೆ ಹಾಕಿದರೆ ಅದು ಅರಳುವುದಿಲ್ಲ, ಸೀಯುತ್ತದೆ. ಹಿಂದಿನ ದಿನವೇ ಅದಕ್ಕೆ ನೀರು ಮಜ್ಜಿಗೆ ಚಿಮುಕಿಸಿ, ಉಜ್ಜಿ, ಬಟ್ಟೆಯಲ್ಲಿ ಕಟ್ಟಿಡಬೇಕು. ಕಾಳಿನ ಹೊಟ್ಟೆಯಲ್ಲಿ ಆ ತೇವ ಇದ್ದರೆ ಮಾತ್ರ ಅದು ಬಿರಿದು ಹೂವಾಗುತ್ತದೆ. ನಮ್ಮ ಕಡೆ ರಾಗಿ ಉಣ್ಣುವ ಯಾವ ಮನೆಯ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಅಕ್ಕಿ ಉಣ್ಣುವ ಮನೆಗಳವರಿಗೆ ಇದು ಗೊತ್ತಿರಲಿಲ್ಲ.

ಅಕ್ಕನನ್ನು ಯಗಟಿಗೆ ಕೊಟ್ಟಿದ್ದರು. ಪ್ಲೇಗಿನ ವರ್ಷ ಭಾವ ಹೋದ. ಮಕ್ಕಳಿರಲಿಲ್ಲ. ಮೈದುನನ ಮನೆಯಲ್ಲಿ ಮೂಲೆ ಹಿಡಿದು ಕೂತಿದ್ದವಳನ್ನು ನಾನೇ ಗಾಡಿ ಕಟ್ಟಿಕೊಂಡು ಹೋಗಿ ಅಜ್ಜಂಪುರಕ್ಕೆ ಕರೆತಂದೆ. ಬಂದ ಮೂರನೆಯ ದಿನವೇ ಹಿತ್ತಲಲ್ಲಿ ಒಲೆ ಹಾಕಿ ರಾಗಿ ಹುರಿದಳು. ಮನೆಗೆ ಆಗಿ ಮಿಕ್ಕಿದ ಹಿಟ್ಟನ್ನು ನಾನು ಪೊಟ್ಟಣ ಕಟ್ಟಿ ಸ್ಟೇಷನ್ನಿಗೆ ಒಯ್ದೆ. ಹುಬ್ಬಳ್ಳಿ ಕಡೆಯಿಂದ ಬರುವ ರೈಲಿನಲ್ಲಿ ಹಸಿದವರು ತುಂಬಿರುತ್ತಿದ್ದರು. ಗಾಡಿ ಹೊರಡುವಷ್ಟರಲ್ಲಿ ಎಲ್ಲ ಖಾಲಿ.

ಪೊಟ್ಟಣದ ಹಿಟ್ಟಿಗೆ ಮಳೆಗಾಲದಲ್ಲಿ ಹುಳು ಬೀಳುತ್ತದೆ. ಅದಕ್ಕೇ ಡಬ್ಬಿ. ಸೀಮೆಎಣ್ಣೆ ಟಿನ್ನು ಕತ್ತರಿಸಿ ಬೆಸುಗೆ ಹಾಕುವ ಸಾಬರೊಬ್ಬರು ಬಸ್ತಿ ಹತ್ತಿರ ಇದ್ದರು. ಡಬ್ಬಿಯಾದ ಮೇಲೆ ಚೀಟಿ ಬೇಕಲ್ಲ? ಅಚ್ಚು ಹಾಕಿಸಲು ಬೆಂಗಳೂರಿಗೆ ಹೋದೆ. ಅಚ್ಚುಕೂಟದವನು ಹಸು, ಕಮಲ, ಸೂರ್ಯ ಎಲ್ಲ ತೋರಿಸಿ ಬಾಯಿಗೆ ಬಂದ ಬೆಲೆ ಹೇಳಿದ. ನನ್ನ ಹೆಬ್ಬೆರಳು ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಒಂದು ಅಚ್ಚಿನ ಕಡೆ ತಿರುಗಿತು. ಹೊಗೆ ಕಾರುವ ಹಡಗು. ಸೋಪು ಮಾರುತ್ತಿದ್ದ ಯಾರೋ ಮಾಡಿಸಿ, ದುಡ್ಡು ಕೊಡದೆ ಓಡಿಹೋಗಿದ್ದನಂತೆ. ಹೆಚ್ಚುಕಮ್ಮಿ ಪುಕ್ಕಟೆಗೆ ಸಿಕ್ಕಿತು. ಕಡೂರು ಸೀಮೆಯಲ್ಲಿ ಹಡಗು ನೋಡಿದವನು ಒಬ್ಬನೂ ಇಲ್ಲ, ಮದಗದ ಕೆರೆಯಲ್ಲಿ ತೆಪ್ಪ ನೋಡಿದವರೇ ಹೆಚ್ಚು. ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ಅರ್ಥ ಕೇಳುತ್ತಾರೆ? ಹಾಗೆ ನಮ್ಮ ರಾಗಿ ಹಿಟ್ಟು ಹಡಗು ಮಾರ್ಕು ಹುರಿಹಿಟ್ಟು ಆಯಿತು.

ಚೀಟಿಯ ಕೆಳಗೆ ಒಂದು ಸಾಲಿನ ಮಾತು ಇರಬೇಕು ಎಂದು ಅಚ್ಚುಕೂಟದವನೇ ಹೇಳಿದ್ದ. ನಾನು ಹೆಚ್ಚು ಯೋಚಿಸದೆ "ನೀರಿದ್ದರೆ ಊಟ" ಎಂದು ಬರೆಸಿದೆ. ಡಬ್ಬಿ ತಂದು ತೋರಿಸಿದಾಗ ಅಕ್ಕ ಸೆರಗಿನಿಂದ ಹಡಗನ್ನು ಒರೆಸಿ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಇದೇನೋ ತಮ್ಮಯ್ಯ, ಗಾಣದಂಗೈತೆ?"

"ಹಡಗು ಕಣಕ್ಕ. ಸಮುದ್ರದಾಗೆ ಹೋಗ್ತದೆ."

"ನಮ್ ಹಿಟ್ಟು ಸಮುದ್ರಕ್ಕೆ ಯಾಕೆ ಹೋಗ್ತದೆ? ತರೀಕೆರೆಗೆ ಹೋದ್ರೆ ಸಾಕಪ್ಪ. ಕೆಳಗೆ ಏನಂತ ಬರ್ದೈತೆ?"

ಓದಿ ಹೇಳಿದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಸರಿಯಾಗ್ ಬರ್ದಿದೀಯ. ನೀರಿದ್ರೆ ಊಟ. ಹೌದಲ್ಲಾ!" ಅಂದಳು. ನನ್ನ ಬದುಕಿನಲ್ಲಿ ನಾನು ಬರೆದ ಒಂದೇ ಒಂದು ನಿಜವಾದ ಸಾಲು ಅದು. ಅದನ್ನು ಎರಡು ವರ್ಷಕ್ಕೆ ತೆಗೆದುಹಾಕಿದೆ.

ಅಷ್ಟರಲ್ಲಿ ಸರಕಿನ ಬಗೆಗಳನ್ನು ಹೆಚ್ಚಿಸಿದ್ದೆ. ಒಂದೇ ಸಾಮಾನಿಟ್ಟುಕೊಂಡವನನ್ನು ಜನ ಬಡವ ಅಂದುಕೊಳ್ಳುತ್ತಾರೆ. ಅದಕ್ಕೇ ಸಾದಾ ಹುರಿಹಿಟ್ಟು, ಬೆಲ್ಲದ ಹುರಿಹಿಟ್ಟು, ಶುಂಠಿ ಮೆಂತ್ಯ ಬೆರೆಸಿದ ಬಾಣಂತಿ ಹುರಿಹಿಟ್ಟು, ಕೊಬ್ಬರಿ ತುರಿದು ಹಾಕಿದ ಪೈಲ್ವಾನ್ ಹುರಿಹಿಟ್ಟು. ಬಾಣಂತಿಯದಕ್ಕೂ ಪೈಲ್ವಾನನದಕ್ಕೂ ಇದ್ದದ್ದು ಒಂದು ಚಿಟಿಕೆಯ ವ್ಯತ್ಯಾಸ, ಚೀಟಿಯಲ್ಲಿ ಮಾತ್ರ ನೀಲಿಗೂ ಕೆಂಪಿಗೂ ಇರುವಷ್ಟು. "ಎಲ್ಲಾ ಒಂದೇ ಬಾಣ್ಲೀದು ಕಣೋ, ಯಾರನ್ನ ಏಮಾರಿಸ್ತೀಯ?" ಎಂದು ಅಕ್ಕ ನಗುತ್ತಿದ್ದಳು. ಒಮ್ಮೆ ಚೀಟಿ ಅದಲುಬದಲಾಗಿ ಗರಡಿಮನೆಗೆ ಬಾಣಂತಿ ಡಬ್ಬಿಗಳು ಹೋದವು. ತಿಂಗಳೊಪ್ಪತ್ತಿನಲ್ಲಿ ಉಸ್ತಾದರೇ ಅಂಗಡಿಗೆ ಬಂದು, "ಹೋದ ಸಲದ್ದು ಭಾಳ ತಾಕತ್ತಿತ್ತು, ಅದನ್ನೇ ಕೊಡಿ" ಅಂದರು. ಅಕ್ಕ ಒಳಗೆ ಬೀಸುವ ಕಲ್ಲಿನ ಗೂಟ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದು ನನಗಿನ್ನೂ ಕೇಳಿಸುತ್ತದೆ. ಆ ನಗುವಿಗೆ ನಾನೇನೂ ಕೊಟ್ಟಿರಲಿಲ್ಲ. ಪುಕ್ಕಟೆ ಸಿಕ್ಕಿದ್ದು. ಅದಕ್ಕೇ ಬೆಲೆ ತಿಳಿಯಲಿಲ್ಲವೇನೋ.

ತರೀಕೆರೆಯಲ್ಲಿ ನನ್ನ ಸರಕು ಹಾಕುತ್ತಿದ್ದದ್ದು ರಾಮಣ್ಣ ಶೆಟ್ಟರ ಅಂಗಡಿಗೆ. ಒಂದು ದಿನ ಶೆಟ್ಟರು ಮೂಗಿಗೆ ನಶ್ಯ ಏರಿಸುತ್ತಾ, "ನಿಮ್ಮ ಹಿಟ್ಟು ಪೇಟೆ ಬೀದೀಲಿ ಓಡ್ತದೆ, ಅಗ್ರಹಾರಕ್ಕೆ ಮಾತ್ರ ಕಾಲಿಡಲ್ಲ ಕಣ್ರೀ" ಅಂದರು.

"ಯಾಕಂತೆ?"

"ಯಾರ ಮನೇಲಿ ಮಾಡಿದ್ದೋ, ಮುಸುರೆಯೋ ಏನೋ ಅಂತ. ನೀರು ಸೋಕಿಸಿ ಬೇಯಿಸಿದ್ರೆ ಮುಸುರೆ. ಬರೀ ಬೆಂಕೀಲಿ ಹುರಿದದ್ದಕ್ಕೆ ಮೈಲಿಗೆ ಇಲ್ಲ, ಯಾರ ಕೈದಾದ್ರೂ ನಡೀತದೆ. ಕಾಶಿಗೆ ರಾಮೇಶ್ವರಕ್ಕೆ ಹೋಗೋ ಮಡಿ ಜನ ದಾರೀಲಿ ಉಪವಾಸ ಬೀಳ್ತಾರೆ. ನಿಮ್ಮದು ಬೆಂಕೀಲಿ ಹುರಿದದ್ದು ತಾನೆ? ಅದನ್ನೇ ನಾಕಕ್ಷರ ಬರೆಸಿ. ಆಮೇಲೆ ನೋಡಿ."

ತರೀಕೆರೆಯಿಂದ ಹಿಂದಿರುಗುವ ರೈಲಿನಲ್ಲೇ ಸಾಲು ಸಿದ್ಧವಾಯಿತು: "ನೀರು ಸೋಕದ ಹಿಟ್ಟು." ಸುಳ್ಳು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ವ್ಯಾಪಾರಿಯ ತಲೆ ಸುಮ್ಮನಿರುವುದಿಲ್ಲ. ನೀರು ಸೋಕಿದ್ದು ರಾಗಿಗೆ, ಹಿಟ್ಟಿಗಲ್ಲ, ಚೀಟಿಯಲ್ಲಿ ಬರೆದಿರುವುದು ಹಿಟ್ಟು, ಆದ್ದರಿಂದ ಸುಳ್ಳಲ್ಲ. ಬೀರೂರು ಬರುವಷ್ಟರಲ್ಲಿ ನನ್ನನ್ನು ನಾನೇ ಒಪ್ಪಿಸಿಬಿಟ್ಟಿದ್ದೆ. ಯಾರನ್ನು ಒಪ್ಪಿಸುವುದು ಕಷ್ಟವಾದರೂ ತನ್ನನ್ನು ಒಪ್ಪಿಸಿಕೊಳ್ಳುವುದು ಸುಲಭ. ಈ ಗಿರಾಕಿ ಚೌಕಾಸಿಯನ್ನೇ ಮಾಡುವುದಿಲ್ಲ.

ಹೊಸ ಚೀಟಿಯನ್ನು ನೋಡಿದ ಸ್ಟೇಷನ್ನಿನ ಹಮಾಲಿಯೊಬ್ಬ, "ಏನ್ ಯಜಮಾನ್ರೆ, ಹಡಗೇ ನೀರಲ್ಲೈತೆ, ಹಿಟ್ಟು ಮಾತ್ರ ಒದ್ದೆ ಆಗಿಲ್ವಾ?" ಎಂದ. ನಕ್ಕು ಒಂದು ಬೀಡಿ ಕೊಟ್ಟೆ. ಅಕ್ಕ ಕೇಳಿದಾಗ ನನಗೆ ನಗು ಬರಲಿಲ್ಲ.

"ಅಕ್ಷರ ಬೇರೆ ತರ ಕಾಣ್ತವೆ. ಏನಂತ ಬರ್ದೈತೋ?"

"ಊರಿನ ಹೆಸರು ಕಣಕ್ಕ. ಅಜ್ಜಂಪುರ ಅಂತ."

"ನೀರಿದ್ರೆ ಊಟ ತೆಗ್ದೆಯಾ? ಅದು ಚೆನ್ನಾಗಿತ್ತಲ್ಲೋ."

"ಹಳೇದಾಯ್ತು ಬಿಡು."

ಅವಳು ನಂಬಿದಳು. ಯಾಕೆ ನಂಬಬಾರದು? ಅಕ್ಷರ ನನ್ನದು, ಬಾಣಲೆ ಅವಳದು ಎಂದು ಮೊದಲಿಂದಲೂ ಹಂಚಿಕೊಂಡಿದ್ದೆವು. ಅವಳು ಹುರಿದದ್ದನ್ನು ನಾನು ಯಾವತ್ತೂ ಪರೀಕ್ಷೆ ಮಾಡಿದವನಲ್ಲ.

ಶೆಟ್ಟರ ಮಾತು ಹುಸಿಯಾಗಲಿಲ್ಲ. ಅಗ್ರಹಾರದ ಬಾಗಿಲುಗಳು ತೆರೆದವು. ತರೀಕೆರೆಯಿಂದ ಶಿವಮೊಗ್ಗ, ಅಲ್ಲಿಂದಾಚೆಗೂ ಡಬ್ಬಿ ಹೋಯಿತು. ಯಾತ್ರೆಗೆಂದೇ ಅಗಲ ಬಾಯಿಯ ದೊಡ್ಡ ಡಬ್ಬಿ ಮಾಡಿಸಿದೆ. ಹಿತ್ತಲಲ್ಲಿ ಮೂರು ಒಲೆ ಉರಿಯಿತು. ಅಕ್ಕನ ತಲೆಗೂದಲು ಹೊಗೆಯಿಂದಲೋ ವಯಸ್ಸಿನಿಂದಲೋ ಬೆಳ್ಳಗಾಯಿತು. ಕಡೂರಿನ ಅಮಲ್ದಾರರ ಕಚೇರಿಯಲ್ಲಿ ನನಗೆ ಕುರ್ಚಿ ಹಾಕುವಂತಾದರು. ಇದೆಲ್ಲ ಮೂರು ವರ್ಷ.

ಹೀಗಿರುವಾಗ ಮಾಘದ ಒಂದು ಬೆಳಿಗ್ಗೆ ಅಂಗಡಿ ಮುಂದೆ ಕಮಾನುಗಾಡಿ ನಿಂತಿತು. ಇಳಿದವರು ತರೀಕೆರೆ ಅಗ್ರಹಾರದ ಸೀತಮ್ಮನವರು. ಕೆಂಪು ಸೀರೆಯ, ಬೋಳು ತಲೆಯ ಹಣ್ಣು ಮುದುಕಿ, ಬೆನ್ನು ಬಾಗಿತ್ತು. ನಾನು ಅಂಗಡಿಯಿಂದ ಎದ್ದು ಬಂದೆ. "ಹಿಟ್ಟು ಹುರಿಯೋಳು ಎಲ್ಲಪ್ಪಾ? ಅವಳನ್ನ ನೋಡ್ಬೇಕು" ಅಂದರು. ಜಗಲಿಯ ತುದಿಯಲ್ಲಿ ಯಾವುದನ್ನೂ ಮುಟ್ಟದಂತೆ ಕೂತರು. ಅಕ್ಕ ಕೈಯ ಮಸಿ ಒರೆಸಿಕೊಳ್ಳುತ್ತಾ ಹೊರಗೆ ಬಂದು ದೂರದಿಂದಲೇ ನಮಸ್ಕಾರ ಮಾಡಿದಳು.

"ನೀನೇ ಏನೇ ತಾಯಿ? ಕಾಶಿಗೆ ಹೋಗಿಬಂದೆ ಕಣೇ. ಸಾಯೋ ಮುಂಚೆ ಒಂದು ಸಲ ಗಂಗೆ ನೋಡ್ಬೇಕು ಅಂತಿತ್ತು. ಜೊತೆಗೆ ಬಂದೋರೆಲ್ಲ ದಾರೀಲಿ ಸಿಕ್ಕಿದ್ದು ತಿಂದ್ರು. ನಾನು ನಿನ್ನ ಡಬ್ಬಿ ಬಿಟ್ಟು ಬೇರೆ ಏನೂ ಬಾಯಿಗಿಡಲಿಲ್ಲ. ಮಡಿ ಕೆಡಲಿಲ್ಲ. ನಿನ್ನಿಂದ ನನ್ನ ಯಾತ್ರೆ ಪೂರ್ತಿಯಾಯ್ತು."

ಹೀಗೆಂದು ಸೆರಗಿನ ಗಂಟು ಬಿಚ್ಚಿ, ಗಂಗೆಯ ನೀರು ತುಂಬಿ ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಂಗಾ ತಾಲಿಯೊಂದನ್ನು ತೆಗೆದರು. ಅಕ್ಕ ಹತ್ತಿರ ಬಂದು ಎರಡೂ ಕೈ ಒಡ್ಡಿದಳು. ಕೈಗೆ ಕೈ ತಗುಲದಂತೆ ಅವರು ಮೇಲಿಂದ ಬಿಟ್ಟರು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡಳು. ಅವಳ ಮುಖ ಹೇಗಿತ್ತೆಂದರೆ, ಅದನ್ನು ಹೇಳುವಷ್ಟು ಅಕ್ಷರ ಆ ಕೂಲಿಮಠದಲ್ಲಿ ನನಗೆ ಕಲಿಸಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡ" ಅಂದರು ಸೀತಮ್ಮನವರು. "ಡಬ್ಬಿ ಮೇಲೆ ನೀರು ಸೋಕದ ಹಿಟ್ಟು ಅಂತ ಬರೆದಿದೆಯಲ್ಲ, ನೀರೇ ಸೋಕದೆ ಅಷ್ಟು ಹಗುರ ಹೆಂಗೆ ಬರ್ತದೆ? ನಮ್ಮ ಮನೆ ಸೊಸೆ ಒಂದು ದಿನ ಹುರಿದಳು, ಬರೀ ಕಲ್ಲು ಕಲ್ಲು."

ಅಕ್ಕ ತಲೆಯೆತ್ತಿ ನನ್ನ ಕಡೆ ತಿರುಗಿದಳು.

"ಅದು ಕೈಗುಣ ಅಮ್ಮನೋರೇ. ಒಂದು ಹನೀನೂ ಸೋಕ್ಸಲ್ಲ" ಅಂದೆ ನಾನು. ಎಷ್ಟು ಬೇಗ ಅಂದೆನೆಂದರೆ, ಇನ್ನೂ ಅವರ ಬಾಯಿ ಮುಚ್ಚಿರಲಿಲ್ಲ.

"ನಿನ್ನ ಕೇಳಲಿಲ್ಲಪ್ಪ. ನೀನು ವ್ಯಾಪಾರದೋನು. ಹುರಿದೋಳು ಹೇಳ್ಲಿ. ಸೋಕ್ಸಲ್ಲ ತಾನೇನೇ ತಾಯಿ?"

ಸಂತೆಯಲ್ಲಿ ಸಾವಿರ ಸಲ ಗಿರಾಕಿಯ ಬಾಯಿಂದ ಮಾತು ಬೀಳುವುದನ್ನು ಕಾದವನು ನಾನು. ಅಷ್ಟು ಹೊತ್ತು ಯಾವತ್ತೂ ಕಾದಿರಲಿಲ್ಲ. ಅಕ್ಕ ಒಂದು ಸಲ ಆ ಮುದುಕಿಯನ್ನು ನೋಡಿದಳು. ಒಂದು ಸಲ ನನ್ನನ್ನು ನೋಡಿದಳು. ಗಂಗೆ ಅವಳ ಅಂಗೈಯಲ್ಲಿತ್ತು.

"ಸೋಕ್ಸಲ್ಲ, ಅಮ್ಮನೋರೇ" ಅಂದಳು.

ಸೀತಮ್ಮನವರು ಹರಸಿ ಗಾಡಿ ಹತ್ತಿದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು.

"ಓದು."

"ಅಕ್ಕ, ಅದು..."

"ಓದೋ."

ಓದಿದೆ.

"ನಾನು ಕೇಳ್ದಾಗ ಏನಂದೆ?"

"ಊರಿನ ಹೆಸರು ಅಂದೆ."

"ಮೂರು ವರ್ಷ ಆಯ್ತಲ್ಲೋ" ಅಂದಳು. "ಮೂರು ವರ್ಷ ಈ ಕೈಲಿ ನೀರು ಚಿಮುಕ್ಸಿದೀನಿ. ಅವರೆಲ್ಲ ಮಡಿ ಅಂತ ತಿಂದವ್ರೆ. ಆ ಅಮ್ಮ ಕಾಶಿ ತನಕ ತಿಂತಾ ಹೋಗವ್ರೆ. ಈಗ ನಿಜ ಹೇಳಿದ್ರೆ ಅವರ ಯಾತ್ರೆ ಸತ್ತೋಯ್ತದೆ. ಹೇಳ್ದಿದ್ರೆ ನಾನು. ಇನ್ನೇನು ಮಾಡ್ಲಿ ಹೇಳು?"

ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು. "ಊರೆಲ್ಲ ನಡೆಯೋದೇ ಹಿಂಗೆ. ನಿನಗೆ ವ್ಯಾಪಾರ ತಿಳಿಯಲ್ಲ" ಅಂದೆ. ಅವಳು ಹಿತ್ತಲಿಗೆ ನಡೆದಳು. ಮೂರೂ ಒಲೆಗೆ ನೀರು ಹೊಯ್ದಳು. ಬಾಣಲೆಯ ಮರಳನ್ನು ಹಿತ್ತಲ ಬೇಲಿಯ ಬುಡಕ್ಕೆ ಸುರಿದಳು. ಗಂಗಾ ತಾಲಿಯನ್ನು ದೇವರ ಗೂಡಿನಲ್ಲಿಟ್ಟು, ಎರಡು ಸೀರೆ ಗಂಟು ಕಟ್ಟಿಕೊಂಡು, ಮಧ್ಯಾಹ್ನದ ರೈಲಿಗೆ ಹೋದಳು. ಕಡೂರಿನಲ್ಲಿ ಇಳಿದು ಯಗಟಿಗೆ. ಬೇಡವಾಗಿ ಕೂತಿದ್ದ ಅದೇ ಮೈದುನನ ಮನೆಗೆ. ನಾಲ್ಕು ದಿನಕ್ಕೆ ಸಿಟ್ಟಿಳಿದು ಬರುತ್ತಾಳೆ ಅಂದುಕೊಂಡೆ.

ಬರಲಿಲ್ಲ. ಕೂಲಿಗೆ ಹೆಂಗಸರನ್ನಿಟ್ಟು ಹುರಿಸಿದೆ. ಅವರಿಗೆ ಕೈಯಿತ್ತು, ಕಿವಿ ಇರಲಿಲ್ಲ. ಒಂದು ಬಾಣಲೆ ಕಹಿ, ಒಂದು ಬಾಣಲೆ ಹಸಿ. ಆಗ ನನಗೊಂದು ಬುದ್ಧಿ ಹೊಳೆಯಿತು; ಬುದ್ಧಿ ಅಂತ ಈಗಲೂ ಯಾಕೆ ಕರೆಯುತ್ತೇನೋ. ಚೀಟಿಯ ಮಾತನ್ನು ನಿಜ ಮಾಡಿಬಿಟ್ಟರೆ ಅಕ್ಕನ ದೂರೇ ಉಳಿಯುವುದಿಲ್ಲವಲ್ಲ? ನೀರನ್ನೇ ಮುಟ್ಟಿಸದೆ ಒಣ ರಾಗಿ ಹುರಿಸಿದೆ. ಹಲ್ಲಿಗೆ ಕರಕರ ಸಿಕ್ಕುವ, ಗಂಟಲಲ್ಲಿ ನಿಲ್ಲುವ ಕರಿ ಪುಡಿ ಬಂತು. ಅದನ್ನೇ ಡಬ್ಬಿಗೆ ತುಂಬಿ ಕಳಿಸಿದೆ. ಶೆಟ್ಟರು ಡಬ್ಬಿಗಳನ್ನು ಹಿಂದಕ್ಕೆ ಕಳಿಸಿ, "ಇದು ನಿಮ್ಮ ಹಿಟ್ಟಲ್ಲ" ಎಂದು ಹೇಳಿ ಕಳಿಸಿದರು. ನನ್ನ ಹಿಟ್ಟು ಯಾವತ್ತೂ ನನ್ನದಾಗಿರಲಿಲ್ಲ ಎಂದು ಅವರಿಗೆ ಹೇಗೆ ಹೇಳಲಿ.

ಮಳೆಗಾಲ ಮುಗಿದ ಮೇಲೆ ಯಗಟಿಗೆ ಹೋದೆ. ಅಕ್ಕ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಕೂತು ಕುರಿಯ ಉಣ್ಣೆಯಿಂದ ಕಸ ಆರಿಸುತ್ತಿದ್ದಳು. ಇಳಿದುಹೋಗಿದ್ದಳು. ನಾನು ನನ್ನ ವಿದ್ಯೆಯನ್ನೆಲ್ಲ ತೆಗೆದೆ. ಮನೆ ನಿನ್ನ ಹೆಸರಿಗೆ ಮಾಡ್ತೀನಿ ಅಂದೆ, ಖಾತೆ ಬದಲಾಯಿಸೋಕೆ ನಾಳೇನೇ ಅರ್ಜಿ ಕೊಡ್ತೀನಿ ಅಂದೆ. ಅವಳ ಬೆರಳು ಉಣ್ಣೆಯಲ್ಲೇ ಓಡುತ್ತಿತ್ತು. ಒಲೆ ಮುಂದೆ ನೀನು ಕೂರೋದೇ ಬೇಡ, ಸುಮ್ಮನೆ ಕೂತು ಕಿವಿಗೊಟ್ಟರೆ ಸಾಕು ಅಂದೆ. ಏನೂ ಬೇಡದವರ ಹತ್ತಿರ ಚೌಕಾಸಿ ಮಾಡುವುದು ಹೇಗೆಂದು ಕಡೂರು ಸಂತೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಸೋತು, "ಏನು ಬೇಕು ನೀನೇ ಹೇಳಕ್ಕ" ಎಂದೆ.

ಅಕ್ಕನ ಕೈ ನಿಂತಿತು. "ಆ ಮಾತು ತೆಗ್ಸು. ಅಷ್ಟೇ ಸಾಕು. ಬತ್ತೀನಿ."

ಅಷ್ಟೇ. ನೀವು ಇಲ್ಲಿ ಒಂದು ಗಳಿಗೆ ನಿಲ್ಲಿ. ನಾನು ಇಲ್ಲಿ ದಿನಾ ನಿಲ್ಲುತ್ತೇನೆ. ಐವತ್ತು ವರ್ಷದ ಬಾಳಿನಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. "ಆಗಲಿ ಅಕ್ಕ, ಏಳು" ಅಂದಿದ್ದರೆ ಅವಳು ಆ ಉಣ್ಣೆಯನ್ನು ಅಲ್ಲೇ ಕೊಡವಿ ಎದ್ದು ಗಾಡಿ ಹತ್ತುತ್ತಿದ್ದಳು. ನಾನು ಏನು ಹೇಳಿದೆ ಗೊತ್ತೇ?

"ಖಂಡಿತ ತೆಗ್ಸ್ತೀನಿ ಕಣಕ್ಕ. ಆದ್ರೆ ಹೊಸದಾಗಿ ಅಚ್ಚಾಗಿರೋ ಚೀಟಿ ಎರಡು ಕಟ್ಟು ಹಂಗೇ ಬಿದ್ದದೆ. ಅವು ಮುಗಿದ ಕೂಡ್ಲೇ..."

ಬಾಯಿಗೆ ರೂಢಿಯಾಗಿಹೋಗಿತ್ತು. ಯಾರು ಏನು ಕೇಳಿದರೂ ಮೊದಲು ಒಂದಿಷ್ಟು ಕಡಿಮೆ ಮಾಡಬೇಕು, ಅಷ್ಟೇ ಅದಕ್ಕೆ ಗೊತ್ತಿದ್ದದ್ದು.

ಅಕ್ಕ ಉಣ್ಣೆ ಆರಿಸುವುದನ್ನು ಮುಂದುವರಿಸಿದಳು. "ಆಗ್ಲಿ. ಮುಗೀಲಿ" ಅಂದಳು.

ಕೆಟ್ಟ ಹಿಟ್ಟು ಯಾರಿಗೆ ಬೇಕು? ಆ ಎರಡು ಕಟ್ಟು ಚೀಟಿ ವರ್ಷವಾದರೂ ಮುಗಿಯಲಿಲ್ಲ. ಇನ್ನೂ ಅರ್ಧ ಕಟ್ಟು ಉಳಿದಿತ್ತು. ಒಂದು ದಿನ ಅದನ್ನು ಒಲೆಗೆ ಹಾಕಿದೆ. ಬೆಂಗಳೂರಿಗೆ ಹೋಗಿ ಬೇರೆ ಚೀಟಿ ಮಾಡಿಸಿದೆ. ಹಡಗಿತ್ತು, ಹಿಟ್ಟಿನ ಹೆಸರಿತ್ತು, ಕೆಳಗೆ ಅಜ್ಜಂಪುರ ಎಂದು ನಿಜವಾಗಿಯೂ ಊರಿನ ಹೆಸರಿತ್ತು. ಬೇರೆ ಒಂದು ಮಾತಿರಲಿಲ್ಲ. ಒದ್ದೆ ಶಾಯಿ ಆರುವ ಮುಂಚೆಯೇ ಒಂದನ್ನು ಜೇಬಿಗಿಟ್ಟುಕೊಂಡು ಯಗಟಿಗೆ ಹೊರಟೆ. ಗಾಡಿಯವನಿಗೆ ಅವನು ಕೇಳಿದ ಬಾಡಿಗೆಯನ್ನೇ ಕೊಟ್ಟೆ.

ಅಕ್ಕ ಅದೇ ಚಾವಡಿಯಲ್ಲಿದ್ದಳು. ಕಣ್ಣಿಗೆ ಪೊರೆ ಬರುತ್ತಿತ್ತು. ನಾನು ಚೀಟಿಯನ್ನು ಅವಳ ಮಡಿಲಿಗಿಟ್ಟೆ.

"ತೆಗ್ಸಿದೆ ಅಕ್ಕ. ನೋಡು."

ಅವಳು ಚೀಟಿಯನ್ನು ಎತ್ತಿ ಹತ್ತಿರ ಹಿಡಿದಳು. ಹಡಗಿನ ಮೇಲೆ ಬೆರಳಾಡಿಸಿದಳು. ಬೆರಳು ಕೆಳಗಿಳಿದು ಅಕ್ಷರಗಳ ಮೇಲೆ ನಿಂತಿತು.

"ಇಲ್ಲಿ ಏನೋ ಬರ್ದೈತಲ್ಲ?"

"ಅದು ಊರಿನ ಹೆಸರು ಕಣಕ್ಕ. ಅಜ್ಜಂಪುರ ಅಂತ."

ಮಾತು ಬಾಯಿಂದ ಬಿದ್ದ ಮೇಲೆ ನನಗೆ ಕೇಳಿಸಿತು. "ಈ ಸಲ ನಿಜ ಅಕ್ಕ. ಆಣೆ ಮಾಡಿ ಹೇಳ್ತೀನಿ. ಯಾರನ್ನಾದ್ರೂ ಕರ್ಸು, ಓದ್ಸು. ಶಾನುಭೋಗರನ್ನೇ ಕರ್ಕೊಂಬತ್ತೀನಿ ಇರು" ಎಂದು ಏಳಹೋದೆ.

"ಬ್ಯಾಡ. ಕೂತ್ಕೋ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅದರ ಜೊತೆ ಹೇಗೋ ವ್ಯವಹಾರ ಮಾಡುತ್ತಿದ್ದೆ. "ತಮ್ಮ ಹೇಳಿದ್ದು ಸುಳ್ಳೋ ನಿಜವೋ ಅಂತ ಊರೋರನ್ನ ಕರೆದು ಓದಿಸ್ಲೇನೋ ನಾನು?"

ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ನನ್ನ ಕೈಗೆ ವಾಪಸು ಕೊಟ್ಟಳು. ಒಳಗೆ ಹೋಗಿ ಚೊಂಬಿನಲ್ಲಿ ಮಜ್ಜಿಗೆ ತಂದಿಟ್ಟಳು. "ಕುಡೀ. ಬಿಸಿಲೇರೋಕೆ ಮುಂಚೆ ಹೊರಡು" ಅಂದಳು.